ಬೃಂದಾವನದಿಂದ ಜುರಾಲದವರೆಗೆ: ಗಡಿನಾಡಿನವರು ನೋಡುವ ಉದ್ಯಾನಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತ ಯಾರನ್ನು ಬೇಕಾದರೂ ಕೇಳಿ ನೋಡಿ. ಶಾಲಾ ಪ್ರವಾಸ ಎಂದೊಡನೆ ಅವರ ಬಾಯಿಂದ ಬರುವ ಮೊದಲ ಹೆಸರು ಮೈಸೂರು, ಎರಡನೆಯದು ಬೃಂದಾವನ. ಅರಮನೆಯಲ್ಲಿ ಏನು ಕಂಡಿರೆಂದು ಕೇಳಿದರೆ ತಡವರಿಸುವವರೂ ಕಾರಂಜಿಯ ಬಣ್ಣವನ್ನು ಮಾತ್ರ ಮರೆತಿರುವುದಿಲ್ಲ. ಎಷ್ಟೋ ಮನೆಗಳ ಚಾವಡಿಯಲ್ಲಿ ಮದುವೆಯ ಫೋಟೋದ ಪಕ್ಕದಲ್ಲೇ ಬೃಂದಾವನದ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತ ಮಕ್ಕಳ ಫೋಟೋ ಇಂದಿಗೂ ಉಂಟು. ಕನ್ನಡಿಗರಿಗೆ ಉದ್ಯಾನ ಎಂದರೆ ಅದೇ ಅಳತೆಗೋಲು.

ಆದರೆ ಈ ಅಳತೆಗೋಲು ಎಲ್ಲ ಕನ್ನಡಿಗರ ಕೈಗೂ ಎಟಕುವುದೇ? ಕಳೆದ ರಜೆಯಲ್ಲಿ ನಾವು ರಾಯಚೂರನ್ನು ದಾಟಿ ಕೃಷ್ಣಾ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಎಂಬ ಊರುಗಳಲ್ಲಿ ಸುತ್ತಾಡಿ ಬಂದೆವು. ಅಧ್ಯಾಪಕ ವೃತ್ತಿಯವರಾದ ನಮಗೆ ಎಲ್ಲಿಗೆ ಹೋದರೂ ಶಾಲೆಯ ಕಡೆಗೇ ಕಣ್ಣು ಹೋಗುವುದು ಸಹಜ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ನಡೆಯುತ್ತಿವೆ. ಪಾಠಪುಸ್ತಕ ಬರುವುದು ತಡ, ಹುದ್ದೆ ತುಂಬುವುದು ಇನ್ನೂ ತಡ, ಹತ್ತನೆಯ ತರಗತಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ - ಈ ಕಥೆಯನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಾವು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದ ಪ್ರಶ್ನೆ ಬೇರೆ. 'ನಿಮ್ಮ ಮಕ್ಕಳನ್ನು ಪ್ರವಾಸಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?' ಎಂದು ಕೇಳಿದೆವು. 'ಮೈಸೂರು ನಮಗ ಭಾಳ ದೂರ ಆತ್ರಿ ಸರ. ಹೈದರಾಬಾದಿಗೆ ಹೋಗ್ತಾರ, ಇಲ್ಲಂದ್ರ ಆಲಮಟ್ಟಿಗೆ. ಗೇಟು ತೆಗದಾಗ ಜುರಾಲಕ್ಕ' ಎಂದರು. ಆ ಒಂದು ಮಾತು ಈ ಲೇಖನಕ್ಕೆ ಕಾರಣ.

ಮೊದಲು ಬೃಂದಾವನದ ಸಂಗತಿಯನ್ನೇ ನೋಡೋಣ. ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟಿನ ಕೆಲಸ ಆರಂಭವಾದದ್ದು 1911ರಲ್ಲಿ. ವಿಶ್ವೇಶ್ವರಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಕಟ್ಟೆಯ ಉದ್ದ ಸುಮಾರು 8,600 ಅಡಿ, ಎತ್ತರ 130 ಅಡಿ. ಇಷ್ಟು ದೊಡ್ಡ ಕಟ್ಟೆಯೊಂದು ಎದ್ದು ನಿಂತಾಗ ಅದರ ಕೆಳಗಡೆ ಏನು ಉಳಿಯುತ್ತದೆ? ಕಲ್ಲು ಒಡೆದ ಗುಂಡಿ, ಮಣ್ಣು ತೆಗೆದ ಹಳ್ಳ, ಕೂಲಿಯವರ ಗುಡಿಸಲುಗಳ ಅವಶೇಷ. ಅನೇಕ ಅಣೆಕಟ್ಟುಗಳ ಕೆಳಗೆ ಇಂದಿಗೂ ಉಳಿದಿರುವುದು ಅದೇ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರು ಆ ಜಾಗವನ್ನು ಹಾಗೆ ಬಿಡಲು ಒಪ್ಪಲಿಲ್ಲ. ಕಾಶ್ಮೀರದ ಶಾಲಿಮಾರ್ ಉದ್ಯಾನವನ್ನು ಮನಸ್ಸಿನಲ್ಲಿ ಇಟ್ಟುಕೊಂಡು 1927ರಲ್ಲಿ ಕೆಲಸ ಮೊದಲು ಮಾಡಿಸಿದರು. 1932ರ ವೇಳೆಗೆ ಅದು ಒಂದು ರೂಪಕ್ಕೆ ಬಂತು. ಸುಮಾರು 60 ಎಕರೆಯ ಹರಹು. ಒಂದರ ಕೆಳಗೊಂದು ಹಂತಗಳು, ನಡುವೆ ನೇರವಾಗಿ ಇಳಿಯುವ ನೀರಿನ ಕಾಲುವೆ, ಎರಡೂ ಬದಿಗೆ ಕನ್ನಡಿಯಲ್ಲಿ ಕಂಡಂತೆ ಒಂದೇ ಬಗೆಯ ಹೂಪಾತಿ. ಮೊಗಲರ ತೋಟದ ಗುಟ್ಟು ಇರುವುದೇ ಇಲ್ಲಿ: ನೀರು ತಾನಾಗಿ ತಗ್ಗಿಗೆ ಇಳಿಯುತ್ತದೆ, ತೋಟಗಾರನು ಅದಕ್ಕೆ ಇಳಿಯುವ ದಾರಿಯನ್ನು ಮಾತ್ರ ಚೆಂದ ಮಾಡಿ ಕೊಡುತ್ತಾನೆ. ಮೇಲೆ ಅಷ್ಟು ದೊಡ್ಡ ಜಲಾಶಯ ಇರುವಲ್ಲಿ ಆ ಗುಟ್ಟು ಫಲಿಸದೆ ಇರುವುದುಂಟೇ?

ವಿನ್ಯಾಸ ಮಾಡಿದವರು ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರ. 1865ರಲ್ಲಿ ಡ್ರೆಸ್ಡೆನ್ ಪಟ್ಟಣದ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನಕ್ಕೆ ಬಂದು, 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಸೇರಿದವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಮತ್ತೊಂದು ಹೂಬಿಡುವಂತೆ, ವರ್ಷವಿಡೀ ಒಂದಲ್ಲ ಒಂದು ಬಣ್ಣ ಕಾಣುವಂತೆ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿ ಅವರದು. ಯುದ್ಧದ ಕಾಲದಲ್ಲಿ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬಂಧನದಲ್ಲಿ ಇರಬೇಕಾಯಿತು. ಆದರೂ ಊರು ಬಿಟ್ಟು ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮಿರ್ಜಾ ಅವರ ಬಗ್ಗೆ ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. 1946ರಲ್ಲಿ ಅವರು ಹೈದರಾಬಾದ್ ನಿಜಾಮರ ಪ್ರಧಾನಿಯಾದರು. ಆಗ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಅದೇ ಸಂಸ್ಥಾನದ ನೆಲ. ಬೃಂದಾವನ ಮಾಡಿಸಿದ ಕೈ ಒಮ್ಮೆ ಈ ಸೀಮೆಯ ಆಡಳಿತವನ್ನೂ ಹಿಡಿದಿತ್ತು ಎಂದಾಯಿತು. ಆದರೆ ಮರುವರ್ಷವೇ ಅವರು ಆ ಹುದ್ದೆ ಬಿಟ್ಟರು. ಆಗಿನ ಹೈದರಾಬಾದಿನ ಗಲಭೆಯಲ್ಲಿ ಹೂವಿನ ಯೋಚನೆ ಮಾಡಲು ಯಾರಿಗೆ ಪುರುಸೊತ್ತು?

ಬೃಂದಾವನದ ಸೊಬಗನ್ನು ಹೊಗಳುವಾಗ ಅದರ ನೆತ್ತಿಯ ಮೇಲಿನ ನೀರಿನಡಿಯಲ್ಲಿ ಹಳೆಯ ಕನ್ನಂಬಾಡಿ ಊರು ಮಲಗಿದೆ ಎಂಬುದು ಮಕ್ಕಳಿಗೆ ತಿಳಿದಿರಬೇಕು. ಬರಗಾಲ ಬಂದು ನೀರು ಇಳಿದಾಗ ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯ ತಲೆಯೆತ್ತಿ ಕಾಣುತ್ತಿತ್ತು. ಅದನ್ನು ಈಚಿನ ವರ್ಷಗಳಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ, ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹಿಂದೆ ಪ್ರವಾಸ ಹೋದವರು ಅದನ್ನು ಕಂಡಿರಲಾರರು. ಮುಂದೆ ಹೋಗುವವರು ಕಾರಂಜಿಗೆ ಮೊದಲು ಅದನ್ನು ನೋಡುವುದು ಒಳ್ಳೆಯದು.

2022ರ ಕೊನೆಯಲ್ಲಿ ಚಿರತೆ ಕಾಣಿಸಿಕೊಂಡು ಬೃಂದಾವನವನ್ನು ವಾರಗಟ್ಟಲೆ ಮುಚ್ಚಬೇಕಾಯಿತು. ಚಿರತೆಗೂ ಅದು ಪ್ರೇಕ್ಷಣೀಯ ಸ್ಥಳವೆಂದು ಯಾರೋ ಹೇಳಿರಬೇಕು! ಅದಕ್ಕಿಂತ ದೊಡ್ಡ ಸುದ್ದಿ 2024ರದು. ಸುಮಾರು 2,663 ಕೋಟಿ ರೂಪಾಯಿ ವೆಚ್ಚದಲ್ಲಿ ಖಾಸಗಿಯವರನ್ನು ಸೇರಿಸಿಕೊಂಡು ಬೃಂದಾವನವನ್ನು ಅಮೆರಿಕದ ಡಿಸ್ನಿಲ್ಯಾಂಡಿನ ಮಾದರಿಯಲ್ಲಿ ಬೆಳೆಸುವ ಯೋಜನೆಗೆ ಕರ್ನಾಟಕ ಸರಕಾರ ಒಪ್ಪಿಗೆ ಕೊಟ್ಟಿತು. ಅಣೆಕಟ್ಟಿನ ಸುರಕ್ಷತೆಯ ಪ್ರಶ್ನೆ ಎತ್ತಿ ಮಂಡ್ಯದ ರೈತರು ವಿರೋಧಿಸಿದರು. ನಮ್ಮ ಅಭಿಪ್ರಾಯವನ್ನು ಕೇಳುವವರು ಯಾರೂ ಇಲ್ಲ. ಕೇಳಿದರೆ ರೈತರ ಪಕ್ಷ ಎನ್ನುತ್ತೇವೆ. ಗಿರಗಿರ ತಿರುಗುವ ತೊಟ್ಟಿಲು ಯಾವ ಜಾತ್ರೆಯಲ್ಲೂ ಸಿಗುತ್ತದೆ. ಹಂತಹಂತವಾಗಿ ಇಳಿಯುವ ನೀರು, ಅದರ ಪಕ್ಕ ಸುಮ್ಮನೆ ನಡೆಯುವ ಭಾಗ್ಯ ಎಲ್ಲೆಡೆ ಸಿಗುವುದಿಲ್ಲ. ಕಡಿಮೆ ಹಣದವರ ಮಕ್ಕಳೂ ಟಿಕೇಟು ಕೊಂಡು ಒಳಗೆ ಹೋಗಬಹುದಾದದ್ದು ಈವರೆಗಿನ ಬೃಂದಾವನದ ದೊಡ್ಡ ಗುಣ.

ಇನ್ನು ಕೃಷ್ಣೆಯ ಕಡೆಗೆ ಬರೋಣ. ಆಲಮಟ್ಟಿಗೆ 1964ರ ಮೇ ತಿಂಗಳಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹಾದೂರ್ ಶಾಸ್ತ್ರಿಗಳು. ಮರುತಿಂಗಳು ಅವರು ಪ್ರಧಾನಿಯಾದರು. ಜಲಾಶಯಕ್ಕೆ ಅವರ ಹೆಸರೇ ಉಂಟು. ಅಡಿಗಲ್ಲಿನಿಂದ ಲೋಕಾರ್ಪಣೆಗೆ 42 ವರ್ಷ ಹಿಡಿಯಿತು: 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅದನ್ನು ನಾಡಿಗೆ ಅರ್ಪಿಸಿದರು. ಕಟ್ಟೆಯ ಬುಡದಲ್ಲಿ ಮೈಸೂರಿನ ಮೇಲ್ಪಂಕ್ತಿಯನ್ನೇ ಹಿಡಿದು ಉದ್ಯಾನಗಳನ್ನು ಮಾಡಿದ್ದಾರೆ. ಆದರೆ ಬೃಂದಾವನದಂತೆ ಒಂದೇ ಕಲ್ಪನೆಯ ಒಂದು ತೋಟವಲ್ಲ, ಒಂದೊಂದು ವಿಷಯಕ್ಕೆ ಒಂದೊಂದು ತೋಟ. ಮೊಗಲ್ ತೋಟ, ಇಟಲಿಯ ತೋಟ, ಫ್ರೆಂಚ್ ತೋಟ, ಗೋಪಾಲಕೃಷ್ಣನ ತೋಟ, ಲವಕುಶರ ತೋಟ, ಮೃಗಪಕ್ಷಿಗಳ ಪ್ರತಿಮೆಗಳು ನಿಂತ ಕಲ್ಲುಗುಡ್ಡದ ತೋಟ. ಸಂಜೆಯಾದರೆ ಸಂಗೀತದ ತಾಳಕ್ಕೆ ಕುಣಿಯುವ ಕಾರಂಜಿ.

ಶಾಲಾ ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ಕಲ್ಲುಗುಡ್ಡದಲ್ಲಿ. ನಮಗೂ ಅದೇ ಹೆಚ್ಚು ಹಿಡಿಸಿತು. ಬಿಜಾಪುರ ಸೀಮೆಯ ಬಿಸಿಲಿಗೆ ಕಲ್ಲು ಒಪ್ಪುತ್ತದೆ. ಕಲ್ಲು ನೀರು ಕೇಳುವುದಿಲ್ಲ. ಫ್ರೆಂಚ್ ತೋಟ ಅಂದವಾಗಿಯೇ ಇದೆ, ಕತ್ತರಿ ಹಾಕಿ ಮೂಲೆ ತಿದ್ದಿದ್ದಾರೆ. ಆದರೆ ಫ್ರಾನ್ಸಿನಲ್ಲಿ ಮಳೆಯೂ ಮಂಜೂ ಮಾಡುವ ಕೆಲಸವನ್ನು ಇಲ್ಲಿ ಪೈಪು ಮಾಡಬೇಕಷ್ಟೆ.

ಇಲ್ಲಿಯೂ ನೀರಿನ ಅಡಿಯಲ್ಲಿ ಊರುಗಳುಂಟು. ಬಾಗಲಕೋಟೆಯ ಹಳೆಯ ಪೇಟೆಯ ಒಂದು ಪಾಲು ಮುಳುಗಿತು. ಅಲ್ಲಿಯ ಜನರಿಗಾಗಿ ನವನಗರ ಎಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಜಲಾಶಯದ ನೀರಿನ ಮಟ್ಟ ಈಗ 519.6 ಮೀಟರು. ಅದನ್ನು 524.256ಕ್ಕೆ ಏರಿಸಬಹುದೆಂದು 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ ಹೇಳಿತು. ಅಲ್ಲಿಂದೀಚೆಗೆ ರಾಜ್ಯ ರಾಜ್ಯಗಳ ನಡುವೆ ಅದೇ ವ್ಯಾಜ್ಯ. ಬಾಗಲಕೋಟೆಯವರಿಗೆ ಏರಿದ ನೀರಿನ ಚಿಂತೆ. ಕೆಳಗಿನವರಿಗೆ ಬಾರದ ನೀರಿನ ಚಿಂತೆ.

ಆ ಕೆಳಗಿನವರೇ ನಾವು ಹೇಳಹೊರಟವರು. ಆಲಮಟ್ಟಿಯಿಂದ ನಾರಾಯಣಪುರ, ಅಲ್ಲಿಂದ ರಾಯಚೂರು-ಯಾದಗಿರಿ ಸೀಮೆಯ ಬಂಡೆಗಳ ನಡುವೆ ಧುಮುಕಿ ಬಂದ ಕೃಷ್ಣೆ ತಂಗಡಿ ಎಂಬ ಹಳ್ಳಿಯ ಬಳಿ ತೆಲಂಗಾಣವನ್ನು ಮುಟ್ಟುತ್ತಾಳೆ. ಭೀಮೆ ಬಂದು ಕೂಡುವುದೂ ಅಲ್ಲಿಯೇ. ಈ ಕಡೆ ರಾಯಚೂರು, ಆ ಕಡೆ ಮಕ್ತಲ್. ನಡುವೆ ನಿಜಾಮರ ಕಾಲದ ಹಳೆಯ ಸೇತುವೆ. ನದಿಯ ಹೆಸರನ್ನೇ ಇಟ್ಟುಕೊಂಡ ಕೃಷ್ಣಾ ಎಂಬ ರೈಲ್ವೆ ನಿಲ್ದಾಣ. ಇನ್ನಷ್ಟು ಕೆಳಗೆ ನಡುಗಡ್ಡೆಯಲ್ಲಿ ಶ್ರೀಪಾದ ಶ್ರೀವಲ್ಲಭರ ಕುರುವಪುರ. ಹರಿಗೋಲಿನಲ್ಲಿ ಕುಳಿತು ದಾಟುವ ಭಕ್ತರಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಕೇಳುತ್ತದೆ. ಅದರ ಕೆಳಗೆ ಜುರಾಲ, ಮತ್ತೆ ಗದ್ವಾಲ.

ಗದ್ವಾಲಕ್ಕೂ ನಮಗೂ ಒಂದು ತಾರೀಕಿನ ನಂಟು ಉಂಟು. 1956ರ ನವೆಂಬರ್ 1ಕ್ಕೆ ಮುಂಚೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದ ದಿನವೇ ಅವು ರಾಯಚೂರಿನಿಂದ ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಗಳಾದವು. ಅವರ ವಿಳಾಸ ಇಷ್ಟು ಸಲ ಬದಲಾದರೂ ನದಿ ಹರಿಯುವ ದಿಕ್ಕು ಮಾತ್ರ ಒಂದೇ.

ಜುರಾಲಕ್ಕೆ 1981ರಲ್ಲಿ ಅಡಿಗಲ್ಲು ಬಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ನೀರು ನಿಂತಿತು. ಉದ್ದಕ್ಕೆ ಅರುವತ್ತಕ್ಕೂ ಹೆಚ್ಚು ಬಾಗಿಲುಗಳ ಸಾಲು. ಕಟ್ಟೆ ನೋಡಲು ಉದ್ದ, ಹೊಟ್ಟೆ ಮಾತ್ರ ಚಿಕ್ಕದು: ಆಲಮಟ್ಟಿ 123 ಟಿ.ಎಂ.ಸಿ. ನೀರು ಹಿಡಿದರೆ ಜುರಾಲ ಹಿಡಿಯುವುದು ಹತ್ತಕ್ಕೂ ಕಡಿಮೆ. ಮೇಲಿನವರು ಬಿಟ್ಟರೆ ತುಂಬುತ್ತದೆ, ಬಿಡದಿದ್ದರೆ ಬತ್ತುತ್ತದೆ. ಆಗಸ್ಟಿನಲ್ಲಿ ಬಾಗಿಲು ಎತ್ತಿದ ಸುದ್ದಿ ಬಂದರೆ ಹತ್ತೂರಿನ ಜನ ಸೇರುತ್ತಾರೆ. ಹೂವಿನ ಉದ್ಯಾನಕ್ಕಲ್ಲ, ನೊರೆ ನೋಡಲು. ನೊರೆ ನೋಡಿದ ಮೇಲೆ ಕಟ್ಟೆಯ ಪಕ್ಕದ ಸಾಲು ಅಂಗಡಿಗಳಲ್ಲಿ ಹುರಿದ ಮೀನು ತಿನ್ನಲು. ಹೊಳೆಯಿಂದ ಆಗತಾನೆ ತಂದ ಮೀನು, ಕೆಂಪು ಮೆಣಸಿನ ಹುಡಿ, ಕುದಿಯುವ ಎಣ್ಣೆ. ಹೈದರಾಬಾದಿನಿಂದ ಕಾರು ಮಾಡಿಕೊಂಡು ಬರುವವರುಂಟಂತೆ. ಕಡಲತಡಿಯವರಾದ ನಾವು ಮೀನಿನ ವಿಷಯದಲ್ಲಿ ಸುಲಭಕ್ಕೆ ಸರ್ಟಿಫಿಕೇಟು ಕೊಡುವವರಲ್ಲ. ಆದರೂ ಜುರಾಲದ ಮೀನಿಗೆ ನೂರಕ್ಕೆ ಎಪ್ಪತ್ತು ಅಂಕ ಕೊಡಬಹುದು.

ಬೃಂದಾವನದಂಥದ್ದು ಇಲ್ಲಿ ಯಾಕಾಗಬಾರದು ಎಂಬ ಮಾತು ಆ ಕಡೆಯ ಕನ್ನಡಿಗರ ಬಾಯಲ್ಲಿ ಆಗಾಗ ಬರುತ್ತದೆ. ನ್ಯಾಯವಾದ ಮಾತೇ. ಆದರೆ ಆ ಸೀಮೆಯ ಇನ್ನೊಂದು ಕಥೆಯನ್ನು ಬಿಟ್ಟು ಇದನ್ನು ಮಾತಾಡುವಂತಿಲ್ಲ. ಹಳೆಯ ಮಹಬೂಬನಗರ ಜಿಲ್ಲೆಗೆ ಜನ ಹೇಳುವ ಹೆಸರು ಪಾಲಮೂರು. ಪಾಲಮೂರಿನ ಕೂಲಿ ಎಂದರೆ ದೇಶದ ಯಾವ ಅಣೆಕಟ್ಟಿನ ಮೇಸ್ತ್ರಿಗೂ ಗೊತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಹಾರೆ ಬುಟ್ಟಿ ಹೊತ್ತು ಊರು ಬಿಡುತ್ತಿದ್ದ ಜನ ಇವರು. ಯಾರ್ಯಾರದೋ ನಾಡಿನ ಕಾಲುವೆ, ಕಟ್ಟೆ, ರಸ್ತೆಗೆ ಮಣ್ಣು ಹೊತ್ತರು. ಮಣ್ಣು ಹೊತ್ತವರ ಹೊಲಕ್ಕೆ ನೀರು ಬರಲಿಲ್ಲ. ನಾರಾಯಣಪೇಟೆ-ಕೊಡಂಗಲ್ ಏತ ನೀರಾವರಿಗೆ ತೆಲಂಗಾಣದ ಮುಖ್ಯಮಂತ್ರಿಗಳು ಅಡಿಗಲ್ಲು ಹಾಕಿದ್ದು 2024ರ ಫೆಬ್ರವರಿಯಲ್ಲಿ. ಅಂಥ ಊರಿನಲ್ಲಿ ಹುಲ್ಲುಹಾಸಿಗೆ ದಿನವೂ ನೀರು ಬಿಡಿ ಎಂದು ಕೇಳುವ ಬಾಯಿ ಯಾರಿಗೆ ಬಂದೀತು? ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ನಾರಾಯಣಪುರದ ಬಾಗಿಲು ಎತ್ತಿರೆಂದು ಪತ್ರ ಬರೆದುಕೊಳ್ಳುವ ಸರಕಾರವು ಕಾರಂಜಿ ಕುಣಿಸಿದರೆ ಜನ ಏನೆನ್ನಬೇಕು?

ಹಾಗಾದರೆ ಆ ಮಕ್ಕಳಿಗೆ ಉದ್ಯಾನವೇ ಬೇಡವೇ? ಬೇಕು. ಆದರೆ ಯಾವುದು ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಾವು ಆ ಕಡೆಯಲ್ಲೇ ಕಂಡ ಎರಡು ಸಂಗತಿಗಳನ್ನು ಮುಂದಿಡುತ್ತೇವೆ.

ಒಂದು, ಮಹಬೂಬನಗರದ ಪಿಲ್ಲಲಮರ್ರಿ. ತೆಲುಗಿನಲ್ಲಿ ಮರ್ರಿ ಎಂದರೆ ಆಲ, ಪಿಲ್ಲಲು ಎಂದರೆ ಮಕ್ಕಳು. ಸುಮಾರು 700 ವರ್ಷದ ಮರವೆಂದು ಹೇಳುತ್ತಾರೆ. ಬಿಳಲಿಳಿದು ಬಿಳಲೇ ಬುಡವಾಗಿ ಮೂರು ಎಕರೆಗೂ ಮಿಕ್ಕಿ ಹಬ್ಬಿದೆ. ಯಾವುದು ತಾಯಿ, ಯಾವುದು ಮಗು ಎಂದು ತಿಳಿಯದು. ಒಂದೇ ಮರವೇ ಒಂದು ಉದ್ಯಾನ, ಯಾವ ಕ್ರುಂಬಿಗಲ್ಲನೂ ನಕ್ಷೆ ಬರೆಯದ ಉದ್ಯಾನ. ಆದರೆ ನೋಡಲು ಬಂದವರ ಪ್ರೀತಿಯೇ ಅದಕ್ಕೆ ಕಂಟಕವಾಯಿತು. ಕೊಂಬೆಗೆ ಜೋತಾಡುವವರು, ತೊಗಟೆಯಲ್ಲಿ ಹೆಸರು ಕೆತ್ತುವವರು, ಬೇರಿನ ಮೇಲೆ ನಡೆದು ಮಣ್ಣು ಗಟ್ಟಿ ಮಾಡುವವರು. ಜೊತೆಗೆ ಗೆದ್ದಲು ಹಿಡಿಯಿತು. 2017ರ ಡಿಸೆಂಬರಿನಲ್ಲಿ ದೊಡ್ಡ ಕೊಂಬೆಯೊಂದು ಮುರಿದು ಬಿದ್ದ ಮೇಲೆ ಪ್ರವಾಸಿಗರಿಗೆ ಬಾಗಿಲು ಹಾಕಿದರು. ಮುಂದಿನ ವರ್ಷ ಆಸ್ಪತ್ರೆಯಲ್ಲಿ ರೋಗಿಗೆ ಗ್ಲೂಕೋಸ್ ಏರಿಸುವಂತೆಯೇ ಬಾಟಲಿಗಳನ್ನು ನೇತುಹಾಕಿ, ಗೆದ್ದಲಿನ ಮದ್ದನ್ನು ಹನಿಹನಿಯಾಗಿ ಮರದ ಮೈಗೆ ಇಳಿಸಿದರು; ಬೀಳಲಿದ್ದ ಕೊಂಬೆಗಳಿಗೆ ಸಿಮೆಂಟಿನ ಕಂಬ ಊರಿದರು. ಮರ ಚೇತರಿಸಿಕೊಂಡಿತು. 2025ರ ಮೇ ತಿಂಗಳಲ್ಲಿ ವಿಶ್ವಸುಂದರಿ ಸ್ಪರ್ಧೆಗೆ ಬಂದಿದ್ದ ನಾನಾ ದೇಶದ ಹೆಣ್ಣುಮಕ್ಕಳನ್ನು ಕರೆತಂದು ಅದನ್ನು ತೋರಿಸಿದರು. ಬೆಂಗಳೂರಿನ ಬಳಿಯ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಇಷ್ಟು ಅದೃಷ್ಟ ಇರಲಿಲ್ಲ. ಅದರ ಮೂಲ ಕಾಂಡ ಎಂದೋ ರೋಗದಿಂದ ಹೋಯಿತು. 2024ರಲ್ಲಿ ಮತ್ತೊಂದು ಭಾಗ ಉರುಳಿತು.

ಇನ್ನೊಂದು, ಬತುಕಮ್ಮ. ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ಒಂಬತ್ತು ದಿನ ತೆಲಂಗಾಣದ ಹೆಂಗಸರು ಆಚರಿಸುವ ಹಬ್ಬ. ಬಯಲಿನಲ್ಲಿ ತಾನಾಗಿ ಬೆಳೆದ ಹೂಗಳನ್ನು ತಂದು ತಟ್ಟೆಯಲ್ಲಿ ಸುತ್ತುಸುತ್ತಾಗಿ ಗೋಪುರದಂತೆ ಏರಿಸುತ್ತಾರೆ, ನಡುವೆ ಇಟ್ಟು ಚಪ್ಪಾಳೆ ತಟ್ಟುತ್ತ ಸುತ್ತುತ್ತಾರೆ, ಕೊನೆಗೆ ಕೆರೆಗೆ ಬಿಡುತ್ತಾರೆ. ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಸಲ, ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ, ಗಾಜಿನ ಮನೆಯಲ್ಲಿ ಲಕ್ಷಗಟ್ಟಲೆ ಹೂಗಳಿಂದ ಕಟ್ಟಡಗಳ ಪ್ರತಿರೂಪ ಮಾಡಿ ನಿಲ್ಲಿಸುವುದನ್ನು ನಮ್ಮಲ್ಲಿ ಕೆಲವರಾದರೂ ಕಂಡಿದ್ದಾರೆ. ಬತುಕಮ್ಮ ಅದೇ ಕೆಲಸವನ್ನು ಟಿಕೇಟಿಲ್ಲದೆ, ಪಾತಿಯಿಲ್ಲದೆ, ಪ್ರತಿ ಮನೆಯ ಅಂಗಳದಲ್ಲಿ ಮಾಡುತ್ತದೆ. ಅದರಲ್ಲಿ ಮುಖ್ಯವಾದ ಹೂ ತಂಗೇಡು. ಅದೇ ತೆಲಂಗಾಣದ ರಾಜ್ಯಪುಷ್ಪ. ಕನ್ನಡದಲ್ಲಿ ತಂಗಡಿ ಎಂದೂ ಆವರಿಕೆ ಎಂದೂ ಹೇಳುತ್ತೇವೆ. ಚಿನ್ನದ ಬಣ್ಣದ, ಯಾರೂ ನೀರೆರೆಯದ, ದನವೂ ಅಷ್ಟಾಗಿ ಮುಟ್ಟದ ಗಿಡ. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವ ಹಳ್ಳಿಯ ಹೆಸರೂ ತಂಗಡಿ ಎಂಬುದನ್ನು ವಾಚಕರು ಗಮನಿಸಿರಬಹುದು.

ನಾವು ಹೇಳುವ ಉದ್ಯಾನ ಇಂಥದ್ದು. ಜುರಾಲದ ದಡದಲ್ಲಾಗಲಿ, ಕೃಷ್ಣಾ ಮಂಡಲದ ಶಾಲೆಯ ಬಯಲಿನಲ್ಲಾಗಲಿ, ಆ ಮಣ್ಣಿನ ಗಿಡಮರಗಳ ಒಂದು ತೋಟ. ತಂಗಡಿ, ಬನ್ನಿ, ಬೇವು, ಮುತ್ತುಗ, ಕಕ್ಕೆ, ಬಿಲ್ವ, ಈಚಲು. ಬನ್ನಿಯೇ ತೆಲಂಗಾಣದ ರಾಜ್ಯವೃಕ್ಷ; ತೆಲುಗಿನವರಿಗೆ ಜಮ್ಮಿ. ದಸರೆಗೆ ಎರಡೂ ಭಾಷೆಯವರು ಅದೇ ಎಲೆಯನ್ನು ಹಂಚುತ್ತಾರೆ. ಮೊದಲ ಒಂದೆರಡು ಬೇಸಿಗೆ ನೀರು ಹೊತ್ತು ಹಾಕಿದರೆ ಸಾಕು, ಆಮೇಲೆ ಅವು ತಮ್ಮ ಪಾಡು ನೋಡಿಕೊಳ್ಳುತ್ತವೆ. ಪ್ರತಿ ಗಿಡಕ್ಕೆ ಒಂದು ಹಲಗೆ, ಅದರಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಹೆಸರು. ಬಾಯಿಪಾಠದ ಮೇಷ್ಟರ ಬುದ್ಧಿ ಎಂದು ಯಾರಾದರೂ ನಗಬಹುದು, ನಗಲಿ. ಮನೆಯಲ್ಲಿ ಅಜ್ಜಿ ಹೇಳುವ ಹೆಸರನ್ನು ಸರಕಾರದ ಹಲಗೆಯ ಮೇಲೆ ತನ್ನ ಅಕ್ಷರದಲ್ಲಿ ಓದಿದ ಮಗುವಿನ ಮುಖವನ್ನು ನಾವು ಕಂಡಿದ್ದೇವೆ, ಮೈಸೂರಿನಲ್ಲಿ. ನಮ್ಮ ಮಕ್ಕಳು ಕಾರಂಜಿಯನ್ನು ನೋಡುವುದಕ್ಕೆ ಮುಂಚೆ ಅಂಗಡಿಯ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋಗುತ್ತಾರೆ. 'ಟೀಚರ್, ಇಲ್ಲಿ ಎಲ್ಲ ಕನ್ನಡವೇ ಉಂಟು' ಎಂದು ಆರನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೂಗಿ ಹೇಳಿದ್ದುಂಟು.

ಈ ಒಂದು ವಿಷಯದಲ್ಲಿ ಮಕ್ತಲಿನ ಮಕ್ಕಳು ನಮ್ಮವರಿಗಿಂತ ಪುಣ್ಯವಂತರು. ತೆಲುಗು ಅಕ್ಷರ ಕನ್ನಡದ ಒಡಹುಟ್ಟು. ತಲೆಕಟ್ಟು ಅಡ್ಡಗೆರೆಯ ಬದಲು ಬಾಗಿರುತ್ತದೆ, ಅಷ್ಟೆ. ಕನ್ನಡ ಕಲಿತ ಮಗು ತೆಲುಗಿನ ಹಲಗೆಯನ್ನು ಕೂಡಿಸಿ ಕೂಡಿಸಿ ಓದಿಬಿಡುತ್ತದೆ. ಮಲೆಯಾಳದ ಅಕ್ಷರ ನಮ್ಮ ಮಕ್ಕಳಿಗೆ ಹಾಗೆ ಬಗ್ಗುವುದಿಲ್ಲ, ಬೇರೆಯೇ ಕುಳಿತು ಕಲಿಯಬೇಕು. ಆದರೆ ಅದೇ ಹತ್ತಿರದ ನಂಟು ಅಲ್ಲಿ ಮತ್ತೊಂದು ಅಪಾಯವನ್ನೂ ತಂದಿದೆ. ಹೇಗೂ ಓದಲು ಬರುತ್ತದಲ್ಲ, ಕನ್ನಡದ ಹಲಗೆ ಯಾಕೆ ಎನ್ನುತ್ತಾರೆ. ಹಲಗೆ ಯಾಕೆ ಎಂದವರು ನಾಳೆ ಪುಸ್ತಕ ಯಾಕೆ ಎನ್ನುವುದಕ್ಕೆ ಹೆಚ್ಚು ಕಾಲ ಹಿಡಿಯದು.

ನಾರಾಯಣಪೇಟೆಗೆ ಹೋದವರು ಸೀರೆ ನೋಡದೆ ಬರುವಂತಿಲ್ಲ. ಚೌಕುಳಿ ಮೈ, ಗಾಢ ಬಣ್ಣದ ದಡಿ, ಒಗೆದಷ್ಟೂ ಮೆತ್ತಗಾಗುವ ನೂಲು. ಗದ್ವಾಲದ್ದು ಬೇರೆ ಬಗೆ: ಮೈ ಹತ್ತಿಯದು, ಅಂಚು ಸೆರಗು ರೇಷ್ಮೆಯದು, ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸುತ್ತಾರೆ. ಅಂಚಿನಲ್ಲಿ ಮಾವಿನಕಾಯಿ, ನವಿಲು, ಗೋಪುರ. ಬಿಸಿಲಿನ ಸೀಮೆಯ ಜನ ತಮ್ಮ ತೋಟವನ್ನು ಬಟ್ಟೆಯ ಮೇಲೆ ಬೆಳೆದುಕೊಂಡಿದ್ದಾರೆ ಎಂದು ನಮ್ಮ ಮನೆಯಾಕೆ ಹೇಳಿದಳು. ಹೇಳಿ ಎರಡು ಸೀರೆ ಕೊಂಡಳು. ಗದ್ವಾಲದ ಕೋಟೆಯ ಒಳಗೆ ಚೆನ್ನಕೇಶವನ ಗುಡಿ ಇದೆ, ಒಂದು ಕಾಲೇಜೂ ಇದೆ. ಕೋಟೆ ಕಟ್ಟಿಸಿದ್ದು ಹದಿನೇಳನೆಯ ಶತಮಾನದ ಸೋಮಭೂಪಾಲ. ಒಳಗೆ ಈಗ ಹುಡುಗ ಹುಡುಗಿಯರ ಸೈಕಲ್ಲು, ಬೈಕು. ಕೋಟೆಗಳ ಪೈಕಿ ಇದಕ್ಕೆ ಒಳ್ಳೆಯ ಗತಿಯೇ ಸಿಕ್ಕಿದೆ.

ಮುಂದಿನ ವರ್ಷ ನಮ್ಮ ಶಾಲೆಗಳಿಂದ ಪ್ರವಾಸ ಹೊರಡಿಸುವ ಸಹೋದ್ಯೋಗಿಗಳಿಗೆ ಒಂದು ಸೂಚನೆ. ಮೈಸೂರನ್ನು ಬಿಡಬೇಡಿ. ಆದರೆ ದೊಡ್ಡ ತರಗತಿಯ ಮಕ್ಕಳಿದ್ದರೆ, ನಾಲ್ಕೈದು ದಿನದ ರಜೆ ಕೂಡಿ ಬಂದರೆ, ಆಲಮಟ್ಟಿ ನೋಡಿಕೊಂಡು ರಾಯಚೂರಿಗೆ ಹೋಗಿ ಅಲ್ಲಿಂದ ಕೃಷ್ಣೆಯನ್ನು ದಾಟಿ. ರಾಯಚೂರು-ಗದ್ವಾಲ ರೈಲುದಾರಿ 2013ರಿಂದ ಉಂಟು. ಕೃಷ್ಣಾ ಮಂಡಲದ ಒಂದು ಕನ್ನಡ ಶಾಲೆಗೆ ಮುಂಚಿತವಾಗಿ ಕಾಗದ ಬರೆದು, ಒಂದು ಮಧ್ಯಾಹ್ನವನ್ನು ಅಲ್ಲಿಯ ಮಕ್ಕಳೊಂದಿಗೆ ಕಳೆಯಿರಿ. ಬರಿಗೈಯಲ್ಲಿ ಹೋಗಬೇಡಿ, ಓದಿ ಮುಗಿಸಿದ ಕನ್ನಡ ಕಥೆಪುಸ್ತಕಗಳನ್ನು ಒಂದು ಕಟ್ಟು ಕಟ್ಟಿಕೊಂಡು ಹೋಗಿ, ಬರುವಾಗ ತಂಗಡಿಯ ಬೀಜ ಕೇಳಿ ತನ್ನಿ. ನಮ್ಮ ಮಳೆಗೆ ಅದು ಹೇಗೆ ಬಂದೀತೋ ಏನೋ, ಗುಡ್ಡದ ಮುರಕಲ್ಲಿನ ಬದಿಯಲ್ಲಿ ಹಾಕಿ ನೋಡಬಹುದು.

ಹೋಗಲು ಒಳ್ಳೆಯ ಕಾಲ ಆಗಸ್ಟಿನಿಂದ ಅಕ್ಟೋಬರಿನವರೆಗೆ. ಜುರಾಲದ ಬಾಗಿಲು ತೆಗೆಯುವುದೂ ಆಗಲೇ, ಬತುಕಮ್ಮನೂ ಆಗಲೇ. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳನ್ನು ಆ ಬಿಸಿಲಿಗೆ ಖಂಡಿತ ಕರೆದೊಯ್ಯಬಾರದು. ಕಟ್ಟೆಯ ಮೇಲೆ ಕೈಬಿಟ್ಟು ಓಡಲು ಬಿಡಬೇಡಿ. ಮತ್ತೆ ಮೀನು ತಿನ್ನುವವರಿಗೆ ಒಂದು ಮಾತು: ಹೊಳೆಮೀನಿಗೆ ನಮ್ಮ ಬಂಗುಡೆಯಂತಲ್ಲ, ಮುಳ್ಳು ಎಲ್ಲೆಲ್ಲಿಯೂ ಉಂಟು, ಚಿಕ್ಕವರಿಗೆ ಬಿಡಿಸಿ ಕೊಡಿ.